ಮೈದಾನದ ಜೋಲಿ

ಭದ್ರಾವತಿಯ ನ್ಯೂ ಟೌನ್ ಮೈದಾನದ ಅಂಚಿನ ಮರದ ಕೊಂಬೆಗೆ ಹಳೇ ಸೀರೆಯ ಜೋಲಿ ಕಟ್ಟಿತ್ತು. ಅದರೊಳಗೆ ಬಿಳಿ ಮೀಸೆಯ, ಎಪ್ಪತ್ತರ ಹತ್ತಿರದ ಹಿರಿಯರೊಬ್ಬರು ಮಂಡಿ ಮಡಚಿ ಕೂತು, ಕಾಲು ನೆಲಕ್ಕೆ ತಾಗದ ಹಾಗೆ ಎರಡು ಸಲ ಜೀಕಿದರು. ಕಬಡ್ಡಿ ನೋಡಲು ಬಂದವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ಅವರು ನಿಧಾನಕ್ಕೆ ಇಳಿದು, ಗಂಟನ್ನು ಇನ್ನೊಮ್ಮೆ ಮುಟ್ಟಿ ನೋಡಿ, "ಹಾಕಮ್ಮ ಈಗ. ನನ್ನನ್ನ ತಡೆದಿದ್ದು ನಿನ್ನ ಕೂಸನ್ನ ತಡೆಯಲ್ವಾ?" ಎಂದರು.

ಕೂಸು ನನ್ನದು, ನಾಲ್ಕು ತಿಂಗಳ ಹೆಣ್ಣು. ಅದಕ್ಕೆ ಹತ್ತು ನಿಮಿಷ ಮೊದಲು ನಾನು ಇದೇ ಮನುಷ್ಯರ ಮೇಲೆ ಹರಿಹಾಯ್ದಿದ್ದೆ. ಹೈಸ್ಕೂಲಿನಿಂದಲೂ ಕಬಡ್ಡಿ ಆಡಿ ಬೆಳೆದವಳು ನಾನು. ಹೆರಿಗೆಯಾದ ಮೇಲೆ ನಾಲ್ಕು ಗೋಡೆ ನೋಡಿ ನೋಡಿ ತಲೆ ಕೆಟ್ಟು ಹೋಗಿತ್ತು. ಎಳೇ ಕೂಸನ್ನು ಆ ಗದ್ದಲಕ್ಕೆ ಒಯ್ಯುವುದಾ, ದೃಷ್ಟಿ ತಾಗುತ್ತೆ, ಧೂಳು ಬೇರೆ ಎಂದು ಅತ್ತೆ ಗೊಣಗುತ್ತಿದ್ದರೂ ಕೇಳದೆ ಬಂದು, ಕೋರ್ಟಿನ ಗೆರೆ ಪಕ್ಕ, ಮೈಕ್ ಸೆಟ್ಟಿನ ಬಾಕ್ಸ್ ಬುಡದಲ್ಲೇ ಕೂತಿದ್ದೆ. ಇವರು ಬಂದು "ಏಳಮ್ಮ ಇಲ್ಲಿಂದ" ಎಂದಾಗ ಮೈ ಉರಿದುಹೋಯಿತು. ಮನೆಯಲ್ಲಿ ಒಬ್ಬರಾಯಿತು, ಇಲ್ಲಿ ನೀವೊಬ್ಬರಾ ಎಂದು ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ. ಅವರು ನನ್ನ ಚಾಪೆ, ಬುತ್ತಿ ಎತ್ತಿಕೊಂಡು ಮರದ ಕಡೆ ನಡೆದರು. ಅಲ್ಲಿ ಆಗಲೇ ಮೂವರು ತಾಯಂದಿರು ನೆರಳಲ್ಲಿ ಕೂತು ಆಟ ನೋಡುತ್ತಿದ್ದರು. ಬಾಕ್ಸಿನ ಸದ್ದು ಅಲ್ಲಿಗೆ ಅರ್ಧಕ್ಕೆ ಇಳಿದಿತ್ತು. ನನಗೆ ನಾಚಿಕೆಯಾಯಿತು.

ಎಲ್ಲರೂ ಅವರನ್ನು ಖಲಾಸಿ ಮಾಮ ಎನ್ನುತ್ತಿದ್ದರು. ಕಾರ್ಖಾನೆಯಲ್ಲಿ ಕ್ರೇನಿಗೆ ಟನ್ನುಗಟ್ಟಲೆ ಭಾರ ಬಿಗಿಯುವ ಖಲಾಸಿ ಕೆಲಸ ಮಾಡಿ ನಿವೃತ್ತರಾದವರು. ಎಲ್ಲಿ ಮ್ಯಾಚ್ ಇದ್ದರೂ ಬಟ್ಟೆಚೀಲದಲ್ಲಿ ಹಗ್ಗ, ತೀರಿಹೋದ ಹೆಂಡತಿಯ ಎರಡು ನೂಲಿನ ಸೀರೆ, ಒಂದು ಪ್ಯಾಕೆಟ್ ಬಿಸ್ಕತ್ತು ಇಟ್ಟುಕೊಂಡು ಹಾಜರಾಗುತ್ತಿದ್ದರು. "ಗಂಟನ್ನ ನಂಬಬಾರದಮ್ಮ, ತೂಗಿ ನೋಡಬೇಕು" ಎಂಬುದು ಅವರ ಮಾತು. ಮಕ್ಕಳಿರೋರು ಮನೇಲಿರಬಾರದಾ ಎಂದು ಯಾರಾದರೂ ಮೂಗು ಮುರಿದರೆ, ನೀನೇನು ಮೀಸೆ ಹೊತ್ತೇ ಹುಟ್ಟಿದೆಯಾ ಮಾರಾಯ ಎಂದು ಬಾಯಿ ಮುಚ್ಚಿಸುತ್ತಿದ್ದರು. ಹಾಗಂತ ಹಟವಿರಲಿಲ್ಲ. ಬಿಸಿಲು ಏರಿತೋ, ಕೂಸಿನ ಮೈ ಬಿಸಿಯಾಯಿತೋ, ಆಟ ಎಷ್ಟೇ ರಂಗೇರಿರಲಿ, ತಾಯಿಯನ್ನು ಆಟೋ ಹತ್ತಿಸಿ ಕಳಿಸುವವರೂ ಅವರೇ. ತಾವು ಮಾತ್ರ ಒಂದು ರೈಡನ್ನೂ ನೋಡುತ್ತಿರಲಿಲ್ಲ. ಕೋರ್ಟಿಗೆ ಬೆನ್ನು ಹಾಕಿ ಜೋಲಿ ತೂಗುತ್ತ ನಿಂತಿರುತ್ತಿದ್ದರು. ನಾನದನ್ನು ವಿಚಿತ್ರ ಎಂದುಕೊಂಡು ಸುಮ್ಮನಾಗಿದ್ದೆ.

ಮಗಳಿಗೆ ಎಂಟು ತಿಂಗಳಾದಾಗ ಶಿವಮೊಗ್ಗದಲ್ಲಿ ಶಿಕ್ಷಕಿಯರ ಕಬಡ್ಡಿ ಪಂದ್ಯ ಬಂತು. ನಾನೂ ಸ್ಕೂಲ್ ಟೀಚರು, ನಮ್ಮ ತಾಲ್ಲೂಕಿನ ತಂಡಕ್ಕೆ ನನ್ನ ಹೆಸರು ಕೊಟ್ಟಿದ್ದೆ. ಈ ಸಲ ಆಡದಿದ್ದರೆ ಇನ್ನೆಂದೂ ಆಡುವವಳಲ್ಲ ಎಂದು ನನಗೇ ಗೊತ್ತಿತ್ತು. ಅತ್ತೆ ಮಗುವನ್ನು ನೋಡಿಕೊಳ್ಳಲಾರೆ ಎಂದು ಕಡ್ಡಿ ಮುರಿದ ಹಾಗೆ ಹೇಳಿದರು, ಗಂಡನಿಗೆ ಅಂದು ಡ್ಯೂಟಿ. ಹೆಸರು ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ನಾನು ಮಾಮನ ಮುಂದೆ ಕಣ್ಣೀರಿಟ್ಟೆ. ಪಂದ್ಯದ ಬೆಳಗ್ಗೆ ಅವರು ಬಟ್ಟೆಚೀಲ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದರು.

ಶಿವಮೊಗ್ಗದ ಆ ಮೈದಾನದಲ್ಲಿ ಮರವಿರಲಿಲ್ಲ. ಗ್ಯಾಲರಿಯ ಎರಡು ಕಬ್ಬಿಣದ ಕಂಬಕ್ಕೆ ಜೋಲಿ ಕಟ್ಟಿ, ಅಷ್ಟು ಜನ ಟೀಚರುಗಳ ಮುಂದೆ ತಾವೇ ಕೂತು ಜೀಕಿದರು. ಆಟ ಶುರುವಾಯಿತು. ನಾನು ಎರಡನೇ ರೈಡಿಗೆ ಹೋಗಿದ್ದೇನೆ, ಹಿಂದಿನಿಂದ ಮಗಳ ಅಳು ಕೇಳಿಸಿತು. ಕಬಡ್ಡಿ ಕಬಡ್ಡಿ ಅನ್ನುತ್ತಿದ್ದ ಬಾಯಿ ತಂತಾನೇ ನಿಂತುಹೋಯಿತು. ದನಿ ನಿಂತರೆ ಔಟು. ರೆಫರಿ ಸೀಟಿ ಊದಿದರು. ಎದುರಾಳಿಗಳೂ ನಕ್ಕರು.

ವಿರಾಮದಲ್ಲಿ ಮಗುವಿಗೆ ಹಾಲು ಕೊಡುತ್ತ, ಸಾಕು ಮಾಮ, ಮನೆಗೆ ಹೋಗೋಣ ಎಂದೆ. ಅವರು ಮುಖ ಆಚೆ ತಿರುಗಿಸಿಕೊಂಡೇ ಮಾತಾಡಿದರು.

"ನಾನೂ ಆಡ್ತಿದ್ದೆ ಕಣಮ್ಮ. ಒಂದ್ಸಲ ನನ್ನ ಹೆಂಡತಿ ಕೂಸು ಎತ್ಕೊಂಡು ನೋಡೋಕೆ ಬಂದಿದ್ಲು. ಕೂಸು ಅತ್ತಿತು, ಜನ ತಿರುಗಿ ನೋಡಿದ್ರು, ನನಗೆ ಅವಮಾನ ಆಯ್ತು. ಮನೆಗೆ ಹೋಗು ಅಂತ ನಾನೇ ಗದರಿದೆ. ಆಮೇಲೆ ಎಷ್ಟು ಕರೆದರೂ ಬರಲಿಲ್ಲ. ನನ್ನ ಆಟ ನೋಡದೇ ಹೋಗಿಬಿಟ್ಲು."

ಅವರೇ ಮಗುವನ್ನು ತೆಗೆದುಕೊಂಡು, "ಹೋಗು, ಜೋರಾಗಿ ಹೇಳು. ಇದಕ್ಕೆ ನಿನ್ನ ದನಿ ಕೇಳಿದರೆ ಸಾಕು" ಎಂದರು.

ಹೋದೆ. ಗಂಟಲು ಹರಿಯುವ ಹಾಗೆ ಕಬಡ್ಡಿ ಕಬಡ್ಡಿ ಎಂದೆ. ಆ ಕಡೆ ಮಗಳು ಬಿಕ್ಕಿದಳು, ಮತ್ತೊಮ್ಮೆ ಬಿಕ್ಕಿದಳು, ಆಮೇಲೆ ಸುಮ್ಮನಾದಳು. ಎರಡು ಪಾಯಿಂಟಿನಿಂದ ಸೋತೆವು. ಸೋತು ಅಷ್ಟು ಖುಷಿಪಟ್ಟಿದ್ದು ಜೀವನದಲ್ಲಿ ಅದೇ ಮೊದಲು. ಭದ್ರಾವತಿ ಬಸ್ಸಿನಲ್ಲಿ ಮಗಳು ಅವರ ಮೀಸೆ ಹಿಡಿದೇ ನಿದ್ದೆ ಹೋದಳು.

ಹೋದ ವರ್ಷ ಮಾಮ ತೀರಿಕೊಂಡರು. ಒಂದು ವಾರ ಜ್ವರ, ಅಷ್ಟೇ. ಹದಿನಾಲ್ಕನೇ ದಿನ ಅವರ ಮಗಳು ಆ ಬಟ್ಟೆಚೀಲ ತಂದು ನನ್ನ ಕೈಗಿಟ್ಟಳು. ಮಾಮ ಹೆಂಡತಿಯನ್ನು ಗದರಿದ ದಿನ ಮೈದಾನದಲ್ಲಿ ಅತ್ತಿದ್ದ ಕೂಸು ಇವಳೇ. ಅಪ್ಪ ನಿಮಗೇ ಕೊಡು ಅಂದಿದ್ದರು ಎಂದಳು.

ಮೊನ್ನೆ ಭಾನುವಾರ ನ್ಯೂ ಟೌನಿನಲ್ಲಿ ಮ್ಯಾಚಿತ್ತು. ಕೈಗೂಸಿನ ಹುಡುಗಿಯೊಬ್ಬಳು ಬಾಕ್ಸ್ ಬುಡದಲ್ಲೇ ಕೂತಿದ್ದಳು. ಏಳಮ್ಮ ಎಂದೆ, ನನ್ನನ್ನು ದುರುಗುಟ್ಟಿ ನೋಡಿದಳು. ಅದೇ ಕೊಂಬೆಗೆ ನಾನು ಜೋಲಿ ಕಟ್ಟಿದೆ. ಮಂಡಿ ಮಡಚಿ ಕೂತು ಎರಡು ಸಲ ಜೀಕಿದೆ. ಜನ ನಕ್ಕರು, ಎಲ್ಲರಿಗಿಂತ ಜೋರಾಗಿ, ಈಗ ಸ್ಕೂಲಿಗೆ ಹೋಗುವ ನನ್ನ ಮಗಳೇ ನಕ್ಕಳು. ಇಳಿದು "ಹಾಕಮ್ಮ ಈಗ" ಎಂದೆ. ಆ ಹುಡುಗಿ ಕೂಸನ್ನು ಮಲಗಿಸಿ, ಹೋಗಿ ಗೆರೆ ಪಕ್ಕ ಕೂತಳು. ಫೈನಲ್ ಶುರುವಾಯಿತು. ನಾನು ಕೋರ್ಟಿಗೆ ಬೆನ್ನು ಹಾಕಿ ತೂಗುತ್ತ ನಿಂತೆ.