ಕುಂಕುಮ ಹಚ್ಚಿಸಿಕೊಂಡ ಬಾಣ

ಮೊನ್ನೆ ಚರ್ಚಿನ ಹಬ್ಬದ ಹಿಂದಿನ ದಿನ, ಬ್ಯಾಂಡಿನವರೊಂದಿಗೆ ಮನೆಮನೆಗೆ ಒಯ್ಯುವ ಸಂತನ ಬಾಣ ನಮ್ಮ ಬಾಗಿಲಿಗೂ ಬಂತು. ತಟ್ಟೆಯಲ್ಲಿದ್ದ ಆ ಬೆಳ್ಳಿ ಬಾಣದ ಗೀರುಗಳಲ್ಲಿ ಹಳೆಯ ಕುಂಕುಮ ಇನ್ನೂ ಕೂತಿತ್ತು. ನೋಡಿದ್ದೇ ಪಕ್ಕದ ಮನೆಯ ನರ್ಸಮ್ಮ ನೆನಪಾದರು...

ಸರಗೂರಿನಲ್ಲಿ ಎಲ್ಲರಿಗೂ ಅವರು ನರ್ಸಮ್ಮ. ಕೇರಳದ ಕಡೆಯವರು. ನನ್ನನ್ನು ಮಗಳೇ ಎನ್ನುವ ಬದಲು ತಮ್ಮ ಭಾಷೆಯಲ್ಲಿ 'ಮೋಳೆ' ಎನ್ನುತ್ತಿದ್ದರು. ಚಿಕ್ಕಂದಿನಲ್ಲಿ ನನಗೆ ಮೈತುಂಬ ಸೀತಾಳೆ ಸಿಡುಬು ಎದ್ದಾಗ ಸಂತ ಸೆಬಾಸ್ಟಿಯನ್ನರ ಬಾಣ ಹಿಡಿದು ಬಂದರು. ರೋಗರುಜಿನ ಬಂದಾಗ ಕಾಯುವ ಸಂತ ಅವರು. ಬೇವಿನ ಸೊಪ್ಪು ಕಟ್ಟಿದ ಬಾಗಿಲಲ್ಲೇ ಅವ್ವ ತಡೆದಳು.

"ಅಮ್ಮ ಬಂದವ್ಳೆ ಕಣ್ರವ್ವ, ಒಳೀಕ್ ಬರ್‌ಬ್ಯಾಡಿ."

ನರ್ಸಮ್ಮ ಕೇಳಬೇಕಲ್ಲ, ಬಂದೇಬಿಟ್ಟರು. ಅವ್ವನೂ ಸುಮ್ಮನಿರುವವಳಲ್ಲ. ಮನೆಗೆ ಬಂದದ್ದು ದೇವರು ತಾನೇ ಎಂದು ಬಾಣಕ್ಕೆ ಅರಿಶಿನ ಬಳಿದು, ಕುಂಕುಮವಿಟ್ಟು, ಮಾರಮ್ಮನ ಪಟದ ಪಕ್ಕದಲ್ಲಿಟ್ಟು ಕಾಯಿ ಒಡೆದಳು. ನರ್ಸಮ್ಮ ಅದನ್ನು ಒರೆಸದೆ ಹಾಗೇ ಚರ್ಚಿಗೆ ಒಯ್ದರು. ಪಾದ್ರಿಗಳು ಹುಬ್ಬೇರಿಸಿದ್ದಕ್ಕೆ, "ಅದು ಆ ಮನೆಯ ಮರ್ಯಾದೆ, ಫಾದರ್" ಎಂದರಂತೆ.

ದಿನವೂ ಬಂದು ನನ್ನ ಗುಳ್ಳೆಗಳಿಗೆ ಲೋಷನ್ ಹಚ್ಚುತ್ತಾ ಕಥೆ ಹೇಳುತ್ತಿದ್ದರು. ಸೆಬಾಸ್ಟಿಯನ್ ರೋಮಿನ ಸೈನಿಕ. ಕ್ರಿಸ್ತನನ್ನು ನಂಬಿದ್ದಕ್ಕೆ ಚಕ್ರವರ್ತಿ ಅವನನ್ನು ಕಟ್ಟಿಹಾಕಿಸಿ ಬಾಣ ಬಿಡಿಸಿದ. ಸತ್ತನೆಂದು ಎಲ್ಲರೂ ಹೊರಟುಹೋದ ಮೇಲೆ ಒಬ್ಬ ವಿಧವೆ ಅವನನ್ನು ಮನೆಗೊಯ್ದು ಗಾಯ ಮಾಯಿಸಿದಳು. ವಾಸಿಯಾದವನು ನೆಟ್ಟಗೆ ಚಕ್ರವರ್ತಿಯ ಎದುರಿಗೇ ಹೋಗಿ, ನನ್ನ ಜನರನ್ನು ಹಿಂಸಿಸಬೇಡ ಎಂದ. ಈ ಸಲ ಬಡಿದೇ ಕೊಂದರು.

ನನಗೆ ಸಿಟ್ಟು ನೆತ್ತಿಗೇರಿತು. "ವಾಸಿಯಾದ್ಮೇಲೆ ಮತ್ಯಾಕೋದ? ದಡ್ಡ!"

ನರ್ಸಮ್ಮ ನಕ್ಕರು. "ಆ ಹೆಂಗಸೂ ಅದನ್ನೇ ಕೇಳಿರ್ತಾಳೆ, ಮೋಳೆ."

ಕೊರೊನಾ ಬಂದಾಗ ಅವರು ನಿವೃತ್ತರು. ಆದರೂ ಆಸ್ಪತ್ರೆಯಲ್ಲಿ ಜನ ಸಾಲದೆಂದು ಹೋದರು, ಕಾಯಿಲೆ ಹತ್ತಿಸಿಕೊಂಡು ಬಂದರು. ಗಂಜಿ ಕಾಸಿ ಅವರ ಬಾಗಿಲಲ್ಲಿಟ್ಟು, ಪಾತ್ರೆ ಖಾಲಿಯಾಗಿದೆಯೇ ಎಂದು ನೋಡುವುದೇ ನನ್ನ ಕೆಲಸವಾಗಿತ್ತು. ಅಂತೂ ಚೇತರಿಸಿಕೊಂಡರು. ಇನ್ನೇನು ಎಲ್ಲ ಮುಗಿಯಿತು ಎನ್ನುವಷ್ಟರಲ್ಲಿ ಬಿಳಿ ಸೀರೆಯುಟ್ಟು ಮತ್ತೆ ಹೊರಟು ನಿಂತಿದ್ದರು.

ನಾನು ಗೇಟಿಗೆ ಅಡ್ಡ ನಿಂತೆ. "ಜೀವ ಉಳ್ದದೆ, ಸಾಕು ಬುಡಿ. ಮತ್ಯಾಕೋಯ್ತೀರಿ?"

"ನೀನು ಚೆನ್ನಾಗಿ ನೋಡ್ಕೊಂಡೆಯಲ್ಲ, ಮೋಳೆ. ಅದಕ್ಕೇ ಹೋಗೋ ಶಕ್ತಿ ಬಂತು."

ಆ ಸಲ ಅವರು ಬರಲಿಲ್ಲ... ಆಸ್ಪತ್ರೆಯವರು ಕೊನೆಗೆ ಮುಖ ನೋಡಲೂ ಬಿಡಲಿಲ್ಲ.

ಅವ್ವನೂ ಈಗಿಲ್ಲ. ಮೊನ್ನೆ ನಾನೇ ಕುಂಕುಮದ ಬಟ್ಟಲು ತಂದೆ. ಹಚ್ಚುವಾಗ ಮತ್ತೆ ಅದೇ ಸಿಟ್ಟು ಬಂತು, ಆ ಸಂತನ ಮೇಲೋ ನರ್ಸಮ್ಮನ ಮೇಲೋ ತಿಳಿಯದು. ಬಾಣ ಹೊತ್ತವರು ತಟ್ಟೆ ತಗ್ಗಿಸಿ ಹಿಡಿದರು. ಅವರಿಗೆ ನಮ್ಮ ಮನೆಯ ಮರ್ಯಾದೆ ಅಭ್ಯಾಸವಾಗಿದೆ. ಪಕ್ಕದ ಮನೆಗೆ ಬೀಗ ಹಾಕಿತ್ತು. ಬಾಣ ಅಲ್ಲಿ ಒಂದು ಗಳಿಗೆ ನಿಂತು ಮುಂದೆ ಹೋಯಿತು.