ಬಾಟ್‌ಗಿಂತ ಮೇಲೆ ಕೂತವರು

ಗೋವಾದ ವಾಸ್ಕೋದಲ್ಲಿದ್ದಾಗ ನಾವು ಕೆಲವು ಕನ್ನಡಿಗರು ಇಂಟರ್ನೆಟ್‌ನಲ್ಲಿ ಒಂದು ಚಾಟ್ ರೂಮ್ ಕಟ್ಟಿಕೊಂಡಿದ್ದೆವು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟುತ್ತ ಊರಿನ ಸುದ್ದಿ ಹೇಳಿಕೊಳ್ಳುವುದೇ ಕೆಲಸ. ಅಲ್ಲಿಗೆ ಅರ್ಧಕ್ಕರ್ಧ ಜನರನ್ನು ಕರೆತಂದವನು ನನ್ನ ಖೋಲಿಯ ಗೆಳೆಯ. ವೆರ್ಣಾದ ಕಾರ್ಖಾನೆಯಲ್ಲಿ ಅವನು ವೆಲ್ಡರ್, ನಾನು ಆಫೀಸಿನ ಕಂಪ್ಯೂಟರ್ ಮುಂದೆ. ಇಬ್ಬರೂ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದೆವು. ಪಾಳಿ ಮುಗಿದದ್ದೇ ಅವನು ಸೈಬರ್ ಕೆಫೆಗೆ ಓಡುತ್ತಿದ್ದ. “ಅಲ್ಲಿ ಯಾರೂ ನನ್ನ ಅಂಗಿ ನೋಡಂಗಿಲ್ಲ” ಅನ್ನುತ್ತಿದ್ದ.

ಆ ರೂಮಿಗೂ ಕಾಟ ತಪ್ಪಲಿಲ್ಲ. ಯಾರ್‍ಯಾರೋ ನುಗ್ಗಿ ‘ಘಾಂಟಿ’ ಎಂದು ಬರೆದು ಓಡುತ್ತಿದ್ದರು. ಘಟ್ಟದ ಮೇಲಿಂದ ಬಂದ ನಮ್ಮಂಥವರನ್ನು ಗೋವಾದ ಬೀದಿಯಲ್ಲಿ ಹೀಯಾಳಿಸುವ ಶಬ್ದ ಅದು. ಬಸ್ಸಿನಲ್ಲಿ ಕೇಳಿದ್ದೇ ಸಾಕಾಗಿತ್ತು. ಹಾಗಾಗಿ ಕಾವಲಿಗೆ ಒಂದು ಬಾಟ್ ಇಡುವುದೆಂದಾಯಿತು. ಆ ಶಬ್ದ ಬರೆದವರನ್ನು ತಾನೇ ಹೊರಹಾಕುವ ಪ್ರೋಗ್ರಾಂ. ಅದನ್ನು ಕೂಡಿಸುವ ಕೆಲಸ ನನ್ನ ಪಾಲಿಗೆ ಬಂತು.

ಬಾಟ್‌ಗೆ ಮೊದಲು ಯಾರು ಮೇಲೆ, ಯಾರು ಕೆಳಗೆ ಎಂಬ ಪಟ್ಟಿ ಕೊಡಬೇಕು. ತನಗಿಂತ ಕೆಳಗಿದ್ದವರನ್ನು ಮಾತ್ರ ಅದು ಹೊರಹಾಕುತ್ತದೆ, ಮೇಲಿದ್ದವರನ್ನು ಮುಟ್ಟುವುದಿಲ್ಲ. ಬಾಟ್ ಎಲ್ಲರಿಗಿಂತ ಮೇಲಿರಲಿ ಎಂದು ಅದರ ಜೊತೆ ಬಂದ ಸೂಚನೆಯಲ್ಲಿ ಸ್ಪಷ್ಟವಾಗಿಯೇ ಬರೆದಿತ್ತು. ಆದರೆ ರೂಮಿನಲ್ಲಿ ಬಟ್ಟೆ ಅಂಗಡಿಯ ಬೆಳಗಾವಿ ಸಾಹುಕಾರರಿದ್ದರು. ನಮ್ಮ ಸಭೆಗಳಲ್ಲಿ ಗಾದಿಯ ಮೇಲೆ ಲೋಡಿಗೆ ಒರಗಿ ಕೂರುವವರು, ನನ್ನ ನೌಕರಿಗಾಗಿ ಕಂಪನಿಯಲ್ಲಿ ಒಂದು ಮಾತು ಹೇಳಿದವರು. ಅಂಥವರ ತಲೆಯ ಮೇಲೆ ಯಂತ್ರ ಕೂಡಿಸುವುದು ಹೇಗೆ? ಅಂಗಡಿಗೆ ಹೋಗಿ ಕೇಳಿದೆ.

“ಕಾವಲುಗಾರ ಬಾಗಲದಾಗ ನಿಂದರತಾನ ತಮ್ಮಾ, ಗಾದಿ ಮ್ಯಾಲ ಕುಂದರಂಗಿಲ್ಲ” ಎಂದರು.

“ಹೌದ್ರಿ ಕಾಕಾ” ಎಂದು ಬಂದೆ.

ಪಟ್ಟಿಯಲ್ಲಿ ಸಾಹುಕಾರರು ಮೊದಲು, ಆಮೇಲೆ ಉಳಿದ ಅಂಗಡಿಯವರು, ಅವರ ಕೆಳಗೆ ನಾನು. ನನ್ನ ಕೆಳಗೆ ಬಾಟ್. ಬಾಟ್‌ನ ಕೆಳಗೆ ಗೆಳೆಯ ಮತ್ತು ಕಾರ್ಖಾನೆಯವರೆಲ್ಲ. ನನ್ನನ್ನು ಮೇಲಿಟ್ಟುಕೊಳ್ಳಲು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಪಟ್ಟಿ ತಿದ್ದುವ ಪಾಸ್‌ವರ್ಡ್ ನನ್ನೊಬ್ಬನ ಹತ್ತಿರವಿತ್ತು.

ಒಂದು ಭಾನುವಾರ ರಾಜ್ಯೋತ್ಸವದ ಮಾತು ಬಂತು. ಗೆಳೆಯ ಬರೆದ: “ಈ ಸಲ ಕಾರ್ಖಾನಿಯವರೂ ಒಬ್ಬರು ವೇದಿಕಿ ಮ್ಯಾಲ ಕುಂದರಲಿ.”

ಸಾಹುಕಾರರು ಬರೆದರು: “ಘಾಂಟಿ ಮಂದಿಗೆ ವೇದಿಕಿ ಯಾಕ?”

ಬಾಟ್ ಸುಮ್ಮನಿತ್ತು. ನಾವೂ ಸುಮ್ಮನಿದ್ದೆವು.

“ನೀವೂ ಅದ ಘಟ್ಟ ಇಳದ ಬಂದಾವ್ರಲ್ಲೇನ್ರಿ ಕಾಕಾ, ನೀವು ಘಾಂಟಿ ಅಲ್ಲೇನ್ರಿ?” ಎಂದು ಗೆಳೆಯ ಕೇಳಿದ. ಮರುಕ್ಷಣ ಬಾಟ್ ಅವನನ್ನು ಹೊರಹಾಕಿ, “ಮರ್ಯಾದೆ ಇಲ್ಲದವರಿಗೆ ಇಲ್ಲಿ ಜಾಗವಿಲ್ಲ” ಎಂದು ಬರೆಯಿತು. ಆ ವಾಕ್ಯ ನನ್ನದೇ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಆ ಬೇಲಿ ಹಾಕಿದವನು ನಾನು.

ಆಗಲೇ ಬಾಟ್ ಅನ್ನು ಮೇಲಕ್ಕೇರಿಸಿ ಗೆಳೆಯನನ್ನು ಒಳಗೆ ತರಬಹುದಿತ್ತು. ಎರಡು ನಿಮಿಷದ ಕೆಲಸ. ಅಷ್ಟರಲ್ಲಿ ಸಾಹುಕಾರರ ಫೋನ್ ಬಂತು. “ಭಾಳ ಚಲೋ ಕಾವಲುಗಾರನ್ನ ಇಟ್ಟೀಯಪಾ.” ಹೌದ್ರಿ ಎಂದೆ. ಇವತ್ತಿಗೂ ನನ್ನ ಆ ‘ಹೌದ್ರಿ’ ನೆನೆದರೆ ಅಸಹ್ಯವಾಗುತ್ತದೆ.

ಮರುದಿನ ಕಂಪನಿ ಬಸ್ಸಿನಲ್ಲಿ ಗೆಳೆಯನಿಗೆ ಹೇಳಿದೆ: “ಯಂತ್ರಕ್ಕ ಏನ್ ತಿಳೀತೈತೋ, ಬಿಡು. ಇವತ್ತ ನಿನ್ನ ಒಳಗ ತಗೋತೀನಿ.”

“ಮತ್ತ ಆ ಯಂತ್ರದ ಕೆಳಗನ ಏನು?” ಎಂದ.

ನಾನು ಕಿಟಕಿಯ ಕಡೆ ನೋಡಿದೆ. ವೆರ್ಣಾ ಬಂತು, ಅವನು ಇಳಿದು ಹೋದ.

ಆ ರೂಮಿಗೆ ಅವನು ಮತ್ತೆ ಬರಲಿಲ್ಲ. ನಾನು ಪಟ್ಟಿಯನ್ನೂ ತಿದ್ದಲಿಲ್ಲ. ಒಂದೇ ಖೋಲಿಯಲ್ಲಿ ಇನ್ನೊಂದು ವರ್ಷ ಇದ್ದೆವು, ಅವನು ಜಗಳವಾಡಲಿಲ್ಲ. ಉಣ್ಣುವ ಹೊತ್ತಿಗೆ ಮಾತ್ರ ಎರಡು ತಾಟು ಇಡುತ್ತಿದ್ದ. ಮೊದಲು ನನಗೆ ಬಡಿಸಿ, ನಾನು ಉಂಡು ಏಳುವತನಕ ಕಾಯುತ್ತಿದ್ದ.