ಗೇಟಿನ ಇನ್ನೊಂದು ಕದ

ಟೀಚರಮ್ಮನ ಸೀರೆಯಲ್ಲಿ ಮೊಣಕಾಲಿನ ಹತ್ತಿರ ಯಾವಾಗಲೂ ಎರಡು ಮಣ್ಣಿನ ಗುರುತು. ಯಾವ ಮಗು ಮಾತಾಡಿಸಿದರೂ ಅಲ್ಲೇ, ರೋಡಾದರೂ ಸರಿ, ಮಂಡಿಯೂರಿ ಕೂರುತ್ತಿದ್ದಳು. ನಮ್ಮ ಅಂಗನವಾಡಿ ಟೀಚರು, ನನ್ನ ಮಗಳ ವಯಸ್ಸು. ಸರ್ಕಾರ ನಿಂಗೆ ಸೋಪಿಗೂ ಕಾಸು ಕೊಡಲ್ವಾ ಅಂತ ಒಂದು ಸಲ ಅಣಕಿಸಿದೆ. "ನಿಂತ್ಕೊಂಡು ಕೇಳಿದ್ರೆ ಮಕ್ಕಳ ಮಾತು ಅರ್ಧ ಕೇಳ್ಸೋದೇ ಇಲ್ಲ ಅಮ್ಮಾ" ಅಂದಳು.

ಲಗ್ಗೆರೆಯಲ್ಲಿ ನಮ್ಮ ಹೊಲ ಇದ್ದ ಕಡೆ ಈಗ ನಮ್ಮ ಬಾಡಿಗೆ ಮನೆಗಳು, ಎರಡು ಸಾಲು. ನಡುವೆ ಒಂದು ಸಂದಿ. ಸಂದಿಯ ಆಚೆ ತುದಿಗೆ ಅಂಗನವಾಡಿ. ಈಚೆ ತುದಿಗೆ ನಮ್ಮ ಮನೆ, ಅದರ ಎದುರಿಗೆ ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಶೆಡ್ಡುಗಳು. ಆ ಮಕ್ಕಳು ಓಡಾಡಿ ಗಲೀಜು ಮಾಡ್ತಾವೆ ಅಂತ ಈಚೆ ತುದಿಗೆ ಗೇಟು ಹಾಕಿಸಿ ಬೀಗ ಜಡಿದಿದ್ದೆ. ಗೇಟು ಅಲ್ಲಾಡಿಸಿದರೆ ಕೂಗಿ ಓಡಿಸುತ್ತಿದ್ದೆ. ಟೀಚರಮ್ಮ ಬಂದು ಕೇಳಿಕೊಂಡಾಗ, ಇದು ನಮ್ಮ ಜಾಗ, ರೋಡು ಸರ್ಕಾರದ್ದು, ಅಲ್ಲೇ ಬರಲಿ ಅಂದೆ. ಮಕ್ಕಳಿಗೂ ಹಕ್ಕು ಅಂತ ಇರುತ್ತಮ್ಮಾ ಅಂದಳು. ಹಕ್ಕು ಅಂದರೆ ನನಗೆ ಗೊತ್ತಿದ್ದದ್ದು ಜಮೀನಿಂದು ಒಂದೇ.

ಮಕ್ಕಳಿಗೆ ವಾರ್ಡಿನಲ್ಲಿ ಏನು ಕೆಲಸ ಆಗಬೇಕು ಅಂತ ನೋಡೋಕೆ ಒಂದು ದಿನ ಕಾರ್ಪೊರೇಷನ್ ಇಂಜಿನಿಯರ್ ಬಂದರು. ಟೀಚರಮ್ಮನದು ಒಂದು ಪದ್ಧತಿ ಇತ್ತು. ದೊಡ್ಡವರು ಕೂತು ತೀರ್ಮಾನ ಮಾಡೋ ಮುಂಚೆ ಮಕ್ಕಳ ಹಿಂದೆ ನಡೀಬೇಕು, ಅವು ದಿನಾ ಬರೋ ದಾರಿಯಲ್ಲೇ. ಯಾರೂ ಬಾಯಿ ಹಾಕೋ ಹಾಗಿಲ್ಲ. ಊರಿನ ಹಳಬಳು ಅಂತ ನನ್ನನ್ನೂ ಕರೆದಳು. ಶಾಲು ಹೊದಿಸ್ತಾರೆ ಅಂತ ಗೊತ್ತಾಗಿ ರೇಷ್ಮೆ ಸೀರೆ ಉಟ್ಟು, ಹೂವು ಮುಡಿದು ಹೋದೆ.

ಮಕ್ಕಳು ಶೆಡ್ಡಿನಿಂದ ಹೊರಟು, ನಮ್ಮ ಗೇಟಿನ ಕಡೆ ತಿರುಗಿಯೂ ನೋಡದೆ ಮೇನ್ ರೋಡಿಗೆ ಇಳಿದವು. ಫುಟ್‌ಪಾತ್ ಇಲ್ಲ. ನೀರಿನ ಟ್ಯಾಂಕರ್ ಹಾರ್ನ್ ಹೊಡ್ಕೊಂಡು ಮೈಮೇಲೇ ಬಂತು. ಪಕ್ಕದಲ್ಲಿದ್ದ ಒಂದು ಹುಡುಗಿ ಗಬಕ್ಕನೆ ನನ್ನ ಕೈ ಹಿಡಿಯಿತು. ಟ್ಯಾಂಕರ್ ಹೋದ ಮೇಲೂ ಬಿಡಲಿಲ್ಲ.

ಸುತ್ತಿ ಬಳಸಿ ಅಂಗನವಾಡಿ ತಲುಪಿದೆವು. ಇಂಜಿನಿಯರ್ ಸಂದಿಯೊಳಗೆ ಬಗ್ಗಿ ನೋಡಿ, ಇಷ್ಟು ಹತ್ತಿರದ ದಾರಿ ಬಿಟ್ಟು ಅಲ್ಲಿಂದ ಯಾಕ್ ಪುಟ್ಟಾ ಬರ್ತೀರಿ ಅಂತ ಆ ಹುಡುಗಿಯನ್ನೇ ಕೇಳಿದರು.

"ಅಲ್ಲೊಬ್ಬಾಕಿ ಅಜ್ಜಿ ಅದಾಳ್ರೀ. ಭಾಳ ಬೈತಾಳ" ಅಂತು, ನನ್ನ ಕೈ ಹಿಡಿದುಕೊಂಡೇ. ನೈಟಿಯಲ್ಲಿ ಗೇಟಿನ ಹಿಂದೆ ನಿಂತು ಕೂಗುವವಳು ಈ ರೇಷ್ಮೆ ಸೀರೆಯವಳೇ ಅಂತ ಅದಕ್ಕೆ ಗುರುತು ಸಿಕ್ಕಿರಲಿಲ್ಲ.

ಗೇಟಿನ ಓನರ್ ಯಾರು ಅಂದರು ಇಂಜಿನಿಯರ್. ನಾನು ನೆಲ ನೋಡಿದೆ. ಟೀಚರಮ್ಮ ನನ್ನ ಕಡೆ ಕಣ್ಣೂ ಹೊರಳಿಸಲಿಲ್ಲ. "ನಾನು ಮಾತಾಡ್ಕೋತೀನಿ ಸಾರ್" ಅಂದಳು. ಎಲ್ಲರ ಮುಂದೆ ಬೈದಿದ್ದರೆ ತಿರುಗಿಸಿ ಬೈಯುತ್ತಿದ್ದೆ, ಅದು ನಂಗೆ ಬರುತ್ತೆ. ಆಮೇಲೆ ಶಾಲು ಹೊದಿಸಿದರು. ಹೊದ್ದುಕೊಂಡೆ.

ಮಾರನೇ ದಿನ ಬೀಗ ತೆಗೆದೆ. ಅದೂ ಒಂದೇ ಕದ. ಪೂರ್ತಿ ತೆಗೆದರೆ ಬೈಕುಗಳು ನುಗ್ತವೆ ಅಂತ ನೆಪ; ಸೋತೆ ಅನ್ನಿಸಿಕೊಳ್ಳೋಕೆ ಮನಸ್ಸಿರಲಿಲ್ಲ, ಅಷ್ಟೇ. ಟೀಚರಮ್ಮ ಆ ಒಂದು ಕದದಲ್ಲೇ ಮಕ್ಕಳನ್ನು ಸಾಲಾಗಿ ದಾಟಿಸುತ್ತಾ, ಅಜ್ಜಿಗೆ ನಮಸ್ಕಾರ ಹೇಳಿ ಅನ್ನುವಳು. ಅವತ್ತು ನಂದೇ ಗೇಟು ಅಂತ ನಾನು ಹೇಳಬೇಕಿತ್ತು ಕಣಮ್ಮಾ ಅನ್ನೋ ಮಾತು ಎಷ್ಟೋ ಸಲ ನಾಲಿಗೆ ತುದಿಗೆ ಬಂತು. ಕಾಫಿ ಕುಡೀತೀಯಾ ಅಂತ ಕೇಳಿದೆ. ಮಾತಾಡ್ಕೋತೀನಿ ಅಂದಿದ್ದ ಆಕೆಯೂ ಆ ಮಾತು ಎತ್ತಲೇ ಇಲ್ಲ.

ಹೋದ ಮಳೆಗಾಲ ಡೆಂಗ್ಯೂ ಅಂತ ಆಸ್ಪತ್ರೆ ಸೇರಿದ ಟೀಚರಮ್ಮ ಹೆಣವಾಗಿ ಬಂದಳು. ಅಂಗನವಾಡಿ ಮುಂದೆ ಒಂದು ಗಳಿಗೆ ಇಡಿ, ಮುಖ ನೋಡ್ಕೋತೀವಿ ಅಂತ ಶೆಡ್ಡಿನ ಹೆಂಗಸರು ಕೇಳಿಕೊಂಡರು. ಅಂಗನವಾಡಿ ಕಡೆಗೆ ಹೋಗೋ ಮೇನ್ ರೋಡು ಪೈಪಿಗಂತ ಅಗೆದು ಹಾಕಿದ್ದರು. ಆಂಬುಲೆನ್ಸು ನಮ್ಮ ಮನೆ ಮುಂದೆ ನಿಂತಿತು. ಸ್ಟ್ರೆಚರ್ ಹೊತ್ತು ಗೇಟಿನ ತನಕ ಬಂದರು. ಒಂದು ಕದದಲ್ಲಿ ಅದು ಹಿಡಿಸಲಿಲ್ಲ.

ಇನ್ನೊಂದು ಕದದ ಚಿಲಕ ನೆಲದೊಳಕ್ಕೆ ಇಳಿದು ತುಕ್ಕು ಹಿಡಿದು ಕೂತಿತ್ತು. ಎಳೆದೆ, ಜಗ್ಗಲಿಲ್ಲ. ಮಂಡಿಯೂರಿ ಕೂತು ಕಲ್ಲಿನಿಂದ ಕುಟ್ಟಿದೆ. ಅದು ಬಿಡೋ ತನಕ ಟೀಚರಮ್ಮ ನನ್ನ ಗೇಟಿನ ಹೊರಗೇ ಕಾದಳು.